ತಾಳಿಕೋಟಿ ಎಣ್ಣಿ

ನಮ್ಮ ಆಯಿ ಊಟಕ್ಕೆ ಕೂತಳೆಂದರೆ ಅವಳ ಮೊದಲ ಕೆಲಸ, ತಾಟಿನಲ್ಲಿ ಬಡಿಸಿದ ಗುರೆಳ್ಳಿನ ಚಟ್ನಿಯ ಪುಡಿಗೆ ಹೆಬ್ಬೆರಳೂರಿ ಒಂದು ಕುಣಿ ಮಾಡುವುದು. ಆ ಕುಣಿಗೆ ಅವ್ವ ಕುಸುಬಿ ಎಣ್ಣೆ ಸುರಿಯಬೇಕು, ಕಾಯಿಸದ ಹಸಿ ಎಣ್ಣೆ. ಅದು ಪುಡಿಯೊಳಗೆ ನಿಧಾನವಾಗಿ ಇಳಿಯುವವರೆಗೆ ಆಯಿ ರೊಟ್ಟಿ ಮುರಿಯುತ್ತಿರಲಿಲ್ಲ. ನಾವೆಲ್ಲ ಅರ್ಧ ಊಟ ಮುಗಿಸಿರುತ್ತಿದ್ದೆವು, ಅವಳು ಮಾತ್ರ ಕುಣಿಯನ್ನೇ ನೋಡುತ್ತ ಕೂತಿರುತ್ತಿದ್ದಳು. ಆಯಿ ಎಂದರೆ ನನ್ನ ಅಪ್ಪನ ತಾಯಿ. ಅವಳ ತವರು ತಾಳಿಕೋಟೆ. ನಮ್ಮೂರು ಅಲ್ಲಿಂದ ಮುದ್ದೇಬಿಹಾಳದ ಕಡೆಗೆ ಚಕ್ಕಡಿಯಲ್ಲಿ ಅರ್ಧ ದಿನದ ದಾರಿ. ಅವಳ ತಮ್ಮ, ನನಗೆ ಅಜ್ಜನಾಗಬೇಕಾದ ಸಂಗಪ್ಪ ಮುತ್ಯಾ, ಅಲ್ಲಿ ಎತ್ತಿನ ಗಾಣ ಇಟ್ಟುಕೊಂಡಿದ್ದ. ನಮ್ಮ ಹೊಲದ ಕುಸುಬಿ ಅವನ ಗಾಣಕ್ಕೆ ಹೋಗಬೇಕು, ಅಲ್ಲಿಂದ ಎಣ್ಣೆಯಾಗಿ ಆಯಿಯ ತಾಟಿಗೆ ಬರಬೇಕು. ಇದರ ನಡುವೆ ಯಾರೂ ಬರಬಾರದು ಎಂಬಂತಿತ್ತು ನಮ್ಮ ಮನೆಯ ನಡೆ. ಒಂದು ವರ್ಷ ನಡುವೆ ಬಂದವಳು ನಾನೇ. ಒಂದೇ ಒಂದು ಮಾತು ಆಡಿ ಬಂದೆ, ಅದೂ ಪೂರ್ತಿ ಮಾತಲ್ಲ, ಬರೀ ಒಂದು 'ಹೂಂ'.

ಮಣ್ಣಿನ ಮಾಳಿಗೆಯ ಮನೆ ನಮ್ಮದು. ತಲೆಬಾಗಿಲು ದಾಟಿದರೆ ಬಲಕ್ಕೆ ಎತ್ತು, ಎಮ್ಮೆ. ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ಬೆಳಕಿಂಡಿಯಿಂದ ಒಂದು ಕೋಲು ಬಿಸಿಲು ಬೀಳುವ ಅಡುಗೆಮನೆ. ಸುಗ್ಗಿ ಮುಗಿದ ಮೇಲೆ ಪಡಸಾಲೆಯ ಗೋಡೆಗೆ ಕುಸುಬಿ ಚೀಲಗಳು ಒರಗಿ ನಿಲ್ಲುತ್ತಿದ್ದವು, ನಾವು ಮಕ್ಕಳು ಅವುಗಳ ಮೇಲೆ ಹತ್ತಿ ಇಳಿದು ಬೈಸಿಕೊಳ್ಳುತ್ತಿದ್ದೆವು. ಕುಸುಬಿಯ ಗಿಡ ಕಂಡವರಿಗೆ ಗೊತ್ತು, ಅದು ಮೈಯೆಲ್ಲ ಮುಳ್ಳು. ಅದಕ್ಕೇ ಅಪ್ಪ ಜೋಳದ ಹೊಲದ ಸುತ್ತ ಅದನ್ನು ಬೇಲಿಯಂತೆ ಬಿತ್ತುತ್ತಿದ್ದ, ಮಿಕ್ಕಷ್ಟನ್ನು ಜೋಳದ ನಡುನಡುವೆ ಅಕ್ಕಡಿ ಸಾಲಾಗಿ ಹಾಕುತ್ತಿದ್ದ. ಕೀಳುವ ಕಾಲಕ್ಕೆ ಇಬ್ಬನಿ ಆರುವ ಮೊದಲೇ ಹೊಲದಲ್ಲಿರಬೇಕು, ಬಿಸಿಲೇರಿದರೆ ಮುಳ್ಳು ಬಿರುಸಾಗಿ ಮೈ ಕೈ ಗೀರುತ್ತದೆ. ಅಪ್ಪ ಕಾಲಿಗೆ ಗೋಣಿತಟ್ಟು ಸುತ್ತಿಕೊಂಡು ಹೋಗುತ್ತಿದ್ದ. ಮನೆಗೆ ಬಂದ ಮೇಲೆ ಅವ್ವ ಅವನ ಅಂಗೈಯಿಂದ ಸೂಜಿಯ ತುದಿಯಲ್ಲಿ ಮುಳ್ಳು ತೆಗೆಯುತ್ತಿದ್ದಳು. ಅವರಿಬ್ಬರು ಅಷ್ಟು ಹತ್ತಿರ ಕೂತಿದ್ದನ್ನು ನಾನು ಬೇರೆ ಹೊತ್ತಿನಲ್ಲಿ ಕಂಡದ್ದು ಕಡಿಮೆ.

ಆ ಚಳಿಗಾಲ, ಎಳ್ಳ ಅಮಾವಾಸ್ಯೆಗೆ ವಾರವಿದ್ದಾಗ, ರೇಶನ್ ಅಂಗಡಿಯಲ್ಲಿ ಎಣ್ಣೆ ಕೊಡುತ್ತಾರೆಂದು ಊರೆಲ್ಲ ಸುದ್ದಿಯಾಯಿತು. ಸಕ್ಕರೆ, ಸೀಮೆಎಣ್ಣೆ ಕೊಡುವುದು ಗೊತ್ತಿತ್ತು. ತಿನ್ನುವ ಎಣ್ಣೆ ಕೊಡುವುದನ್ನು ನಮ್ಮೂರು ಕಂಡಿರಲಿಲ್ಲ. ಅವ್ವ ನನ್ನ ಕೈಗೆ ಕಾರ್ಡು, ತಂಬಿಗೆ ಕೊಟ್ಟು ಕಳಿಸಿದಳು. ಅಂಗಡಿಯ ಬಾಗಿಲಿಗೆ ಸುಣ್ಣದಲ್ಲಿ ಬರೆದ ಹಲಗೆ ತೂಗುಹಾಕಿದ್ದರು. ಮನೆಯಲ್ಲಿ ಅಕ್ಷರ ಕೂಡಿಸಿ ಓದುವವಳು ನಾನೊಬ್ಬಳೇ, ಆ ಸೊಕ್ಕು ನನಗೆ ಬೇಕಾದಷ್ಟಿತ್ತು. ಹಲಗೆಯ ಮೇಲೆ ಬರೆದದ್ದು 'ತಾಳೆ ಎಣ್ಣೆ'. ನಾನು ಓದಿದ್ದು 'ತಾಳಿ ಎಣ್ಣಿ'. ನಮ್ಮ ಕಡೆ ಶಾಲೆ ಎನ್ನುವುದು ಸಾಲಿ, ಮನೆ ಎನ್ನುವುದು ಮನಿ. ಪದದ ಕೊನೆಯಲ್ಲಿ ಎಕಾರ ಕಂಡರೆ ನಾಲಿಗೆ ತಾನಾಗಿ ಇಕಾರಕ್ಕೆ ಹೊರಳುತ್ತದೆ. ತಾಳೆ ಎಂಬ ಮರವನ್ನು ನಮ್ಮ ಸೀಮೆಯಲ್ಲಿ ನಾನು ಕಂಡಿರಲಿಲ್ಲ, ಆ ಹೆಸರನ್ನೂ ಕೇಳಿರಲಿಲ್ಲ. ತಂಬಿಗೆ ಹಿಡಿದು ಓಡಿ ಬಂದು ಪಡಸಾಲೆಯಲ್ಲಿ ಹತ್ತಿ ಬಿಡಿಸುತ್ತಿದ್ದ ಆಯಿಗೆ ಹೇಳಿದೆ.

"ಆಯಿ, ತಾಳಿ ಎಣ್ಣಿ ಬಂದೈತಿ."

"ಎಲ್ಲಿದ ಐತ ತಂಗಿ, ತಾಳಿಕೋಟಿದಾ?"

"ಹೂಂ."

ಗೊತ್ತಿಲ್ಲ ಎನ್ನಬಹುದಿತ್ತು. ಓದು ಬಂದವಳಿಗೆ ಗೊತ್ತಿಲ್ಲ ಎನ್ನಲು ನಾಚಿಕೆ. ಆಯಿಯ ಮುಖ ಅರಳಿದ್ದು ಕಂಡ ಮೇಲಂತೂ ತಿದ್ದುವ ಮಾತೇ ಇರಲಿಲ್ಲ. ಹಿಂದಿನ ನಾಗರ ಪಂಚಮಿಗೆ ಬಂದಾಗ ಸಂಗಪ್ಪ ಮುತ್ಯಾ, ನಾಲ್ಕು ಮಂದಿ ಕೂಡಿ ಎಣ್ಣೆಯ ಮಿಲ್ಲು ಹಾಕುವ ಮಾತಾಡುತ್ತಿದ್ದೇವೆ ಎಂದಿದ್ದ. ಆಯಿ ಇವೆರಡನ್ನೂ ಕೂಡಿಸಿಬಿಟ್ಟಳು. ಥಂಡಿಗೆ ಆ ಎಣ್ಣೆ ಬೆಳಿಗ್ಗೆ ತಂಬಿಗೆಯೊಳಗೆ ಗಟ್ಟಿಯಾಗಿ ಬಿಳಿಚಿಕೊಂಡು ಕೂತಿತ್ತು. ಅವ್ವನಿಗೆ ಅನುಮಾನ, ಆಯಿಗೆ ಹೆಮ್ಮೆ.

"ನೋಡಬೇ, ತುಪ್ಪ ಹೆಪ್ಪಗಟ್ಟಿದಂಗ ಗಟ್ಟೈತಿ. ನನ್ನ ತಮ್ಮನ ಮಿಲ್ಲಿಂದು, ಕಲಬೆರಕಿ ಇರಂಗಿಲ್ಲ."

ಅಮಾವಾಸ್ಯೆಗೆ ಅದರಲ್ಲೇ ಕಡುಬು ಕರಿದರು. ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ ಎಲ್ಲರೂ ಕೂತು ಉಣ್ಣುವಾಗ ನಮ್ಮ ಕೆಲಸಕ್ಕೆ ಬರುತ್ತಿದ್ದ ಶಾಂತವ್ವ ಎರಡು ಕಡುಬು ಹೆಚ್ಚಿಗೆ ತಿಂದಳು. ಅವಳಿಗೆ ಹೊಲವಿಲ್ಲ, ಕುಸುಬಿಯಿಲ್ಲ. ಎಣ್ಣೆ ಎಂದರೆ ಅವಳ ಮನೆಯಲ್ಲಿ ಬಾಣಂತಿಗೆ ಮತ್ತು ಹಬ್ಬಕ್ಕೆ ಮಾತ್ರ. ಅವಳು ಕೈ ಒರೆಸಿಕೊಳ್ಳುತ್ತ ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ.

"ಏನರ ಅನ್ರಿ ಯವ್ವಾ, ಈ ಎಣ್ಣಿ ಬಂದ ಮ್ಯಾಲ ನಮ್ಮ ಮನ್ಯಾಗೂ ವಗ್ಗರಣಿ ಸಪ್ಪಳ ಕೇಳಾಕತ್ತೈತಿ."

ಸುಗ್ಗಿ ಬಂತು. ಆ ವರ್ಷ ಕುಸುಬಿ ಛಲೋ ಬೆಳೆದಿತ್ತು, ಪಡಸಾಲೆಯಲ್ಲಿ ಚೀಲ ಇಡಲು ಜಾಗ ಸಾಲದೆ ದೇವರ ಜಗುಲಿಯ ಹತ್ತಿರವೂ ಇಟ್ಟರು. ಮಾರುವಷ್ಟನ್ನು ಮೊದಲು ಮಾರಿ, ಉಳಿದದ್ದನ್ನು ಗಾಣಕ್ಕೆ ಒಯ್ಯುವುದು ರೂಢಿ. ಅಪ್ಪ ಚಕ್ಕಡಿ ಹೂಡಿಕೊಂಡು ಪೇಟೆಯಲ್ಲಿ ಕಾಳು ಕೊಳ್ಳುವ ಅಡತಿ ಅಂಗಡಿಗೆ ಹೋದವನು ಸಂಜೆಯ ಒಳಗೆ ತುಂಬಿದ ಚಕ್ಕಡಿಯನ್ನೇ ಮರಳಿ ತಂದ. ಎತ್ತಿನ ಕೊರಳು ಬಿಚ್ಚಲಿಲ್ಲ, ಕಾಲು ತೊಳೆಯಲಿಲ್ಲ, ನೆಟ್ಟಗೆ ಆಯಿಯ ಮುಂದೆ ಬಂದು ನಿಂತ.

"ಕುಸುಬಿ ಕೇಳೋರ ಇಲ್ಲ ಯವ್ವಾ. ತಾಳಿ ಎಣ್ಣಿ ಬಂದೈತಿ, ಇದನ್ನ ಒಯ್ದು ಏನ ಮಾಡೂದು ಅಂತಾನ ಅಡತಿಯಂವ. ನಿನ್ನ ತಮ್ಮ ಭಾಳ ಛಲೋ ಮಾಡಿದ."

"ಅವ ಏನ ಮಾಡ್ಯಾನಪ್ಪಾ?"

"ಮಿಲ್ಲ ಹಾಕಿ ಊರೂರಿಗೆ ಎಣ್ಣಿ ಹರಸ್ಯಾನ. ಅಕ್ಕನ ಮನಿ ಕುಸುಬಿಗೆ ಬೆಲಿ ಇಲ್ದಂಗ ಮಾಡ್ಯಾನ. ಇನ್ನ ಅವನ ಗಾಣದ ಕಡೆ ನಾ ಕಾಲ ಇಡಂಗಿಲ್ಲ. ಮುಂದಿನ ವರ್ಸ ಕುಸುಬಿನೂ ಬಿತ್ತಂಗಿಲ್ಲ."

ಆಯಿ ಅಳಲಿಲ್ಲ, ಜಗಳಾಡಲಿಲ್ಲ. ಅವಳು ಜಗಳಾಡಿದ್ದರೆ ಎರಡು ದಿನಕ್ಕೆ ಮುಗಿಯುತ್ತಿತ್ತು. ಮರುದಿನ ಊಟಕ್ಕೆ ಕೂತು ರೂಢಿಯಂತೆ ಚಟ್ನಿಯಲ್ಲಿ ಕುಣಿ ಮಾಡಿದಳು. ಅವ್ವ ಎಣ್ಣೆಯ ಗಿಂಡಿ ತಂದಾಗ ಅಂಗೈ ಅಡ್ಡ ಹಿಡಿದಳು.

"ನನ್ನ ತವರಿನ ಎಣ್ಣಿ ಈ ಮನಿಗೆ ಉರಿ ಹಚ್ಚಿದ್ರ ನನಗ ಎಣ್ಣಿನ ಬ್ಯಾಡ. ಪಂಚಮಿಗೆ ಸಂಗ್ಯಾ ಕರಿಯಾಕ ಬರ್ತಾನಲ್ಲ, ಮುಖಕ್ಕ ಮುಖಾ ಕೊಟ್ಟು ಕೇಳ್ತೇನಿ. ಅಲ್ಲೀತನಕ ಮುಟ್ಟಂಗಿಲ್ಲ."

"ಅವ ಬಂದ ದಿನಾ ನಾ ಮನ್ಯಾಗ ಇರಂಗಿಲ್ಲ," ಎಂದ ಅಪ್ಪ.

ಹಾಗೆ ಐದು ತಿಂಗಳು ನಡೆಯಿತು. ಆಯಿ ದಿನಾ ಕುಣಿ ಮಾಡುವುದು, ಅದನ್ನು ಖಾಲಿ ಬಿಟ್ಟು ಒಣ ಚಟ್ನಿ, ಒಣ ರೊಟ್ಟಿ ತಿನ್ನುವುದು. ಅದು ಇಳಿಯದೆ ನೀರು ಕುಡಿಯುತ್ತಿದ್ದಳು. ಪಲ್ಯವಾದರೂ ತಿನ್ನಲಿ ಎಂದು ಅವ್ವ ಬರೀ ಕುದಿಸಿದ ಸೊಪ್ಪು ಬೇರೆ ತೆಗೆದಿಡುತ್ತಿದ್ದಳು. ಅಪ್ಪ ತಾಟಿನಿಂದ ಕಣ್ಣೆತ್ತುತ್ತಿರಲಿಲ್ಲ. ಪಂಚಮಿಗೆ ತವರಿಗೆ ಹೋಗುವುದೆಂದರೆ ಆಯಿಗೆ ವರ್ಷದ ಹಬ್ಬ. ಅವಳ ಓರಗೆಯವರಿಗೆಲ್ಲ ತವರು ಮುಗಿದುಹೋಗಿತ್ತು, ಇವಳನ್ನು ಮಾತ್ರ ತಮ್ಮ ಇನ್ನೂ ಬಂದು ಕರೆದೊಯ್ಯುತ್ತಿದ್ದ. ಅದು ಈ ಸಲ ಹರಿದುಹೋಗುತ್ತದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಇದರ ನಡುವೆ ಒಂದು ಹುಚ್ಚಾಟವನ್ನು ಯಾರೂ ಗಮನಿಸಲಿಲ್ಲ. ಹಳೆಯ ಎಣ್ಣೆ ತೀರಿತು, ಹೊಸ ಕುಸುಬಿ ಗಾಣಕ್ಕೆ ಹೋಗಲಿಲ್ಲ, ಹಾಗಾಗಿ ಅವ್ವ ಅಡುಗೆಗೆ ರೇಶನ್ ಎಣ್ಣೆಯನ್ನೇ ತರಿಸುತ್ತಿದ್ದಳು. ಕುಸುಬಿ ಚೀಲಗಳನ್ನು ಪಕ್ಕಕ್ಕೆ ಸರಿಸಿ ತಾಟು ಹಾಕಿಕೊಂಡು, ಯಾವ ಎಣ್ಣೆಯನ್ನು ಬೈಯುತ್ತಿದ್ದೆವೋ ಅದನ್ನೇ ತಿನ್ನುತ್ತಿದ್ದೆವು.

ಜೂನ್‌ನಲ್ಲಿ ಸಾಲಿ ಸುರುವಾಯಿತು. ಹೊಸದಾಗಿ ಮೈಸೂರು ಕಡೆಯ ಅಕ್ಕೋರು ಬಂದಿದ್ದರು. ಮೆಲ್ಲಗೆ ಮಾತಾಡುತ್ತಿದ್ದರು, ಯಾರನ್ನೂ ಹೊಡೆಯುತ್ತಿರಲಿಲ್ಲ, ಆದರೆ ನಮ್ಮ ಒಂದೊಂದು ಇಕಾರವನ್ನೂ ಹಿಡಿದು ನಿಲ್ಲಿಸುತ್ತಿದ್ದರು. ಒಂದು ದಿನ ಪಾಠದಲ್ಲಿ ಹಿಂದಿನ ಕಾಲದವರು ತಾಳೆಗರಿಯ ಮೇಲೆ ಬರೆಯುತ್ತಿದ್ದ ಸಂಗತಿ ಬಂತು. ನಾನು ಎದ್ದು ನಿಂತು ಜೋರಾಗಿ 'ತಾಳಿಗರಿ' ಎಂದು ಓದಿದೆ.

"ತಾಳಿ ಅಲ್ಲ ಗೌರಿ, ತಾಳೆ. ತಾಳಿ ಕೊರಳಿಗೆ ಕಟ್ಟೋದು. ತಾಳೆ ಅಂದ್ರೆ ಮರ."

ನನಗೆ ರೇಶನ್ ಅಂಗಡಿಯ ಹಲಗೆ ನೆನಪಾಯಿತು. ನಿಂತಲ್ಲೇ ಕೇಳಿದೆ.

"ಆ ಗಿಡದಾಗ ಎಣ್ಣಿ ಬರ್ತೈತೇನ್ರಿ ಅಕ್ಕೋರ?"

"ಆ ಜಾತಿಯ ಒಂದು ಮರದ ಹಣ್ಣಿಂದ ತೆಗೀತಾರೆ. ಈಗ ರೇಶನ್‌ನಲ್ಲಿ ಕೊಡ್ತಿದ್ದಾರಲ್ಲ, ಅದೇ. ಸಮುದ್ರದ ಆಚೆ ದೇಶದಿಂದ ಹಡಗಲ್ಲಿ ಬರುತ್ತೆ. ನಮ್ಮಲ್ಲಿ ಎಣ್ಣೆ ಸಾಲೋದಿಲ್ಲ ಅಂತ ಸರ್ಕಾರ ತರಿಸ್ತಿದೆ."

ಅವರು ಗೋಡೆಯ ನಕಾಶೆಯಲ್ಲಿ ಬೆರಳಿಟ್ಟು ಮಲೇಶಿಯಾ ತೋರಿಸಿದರು. ಅಲ್ಲಿಂದ ನೀಲಿಯ ಮೇಲೆ ಬೆರಳು ಎಳೆಯುತ್ತ ಮುಂಬಯಿಗೆ ಬಂದರು. ನಾನು ಆ ಬೆರಳಿನ ಗೆರೆಯನ್ನು ಮುಂದುವರಿಸಿ ಹುಡುಕಿದೆ. ತಾಳಿಕೋಟೆ ಆ ದಾರಿಯಲ್ಲಿ ಎಲ್ಲೂ ಇರಲಿಲ್ಲ, ಅಷ್ಟು ದೊಡ್ಡ ನಕಾಶೆಯಲ್ಲೇ ಇರಲಿಲ್ಲ. ಅವತ್ತೇ ಮನೆಗೆ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಅಪ್ಪನ ಸಿಟ್ಟಿಗೆ ಹೆದರಿದೆ ಎಂದರೆ ಅರ್ಧ ಖರೆ. ಇನ್ನರ್ಧ ಖರೆ ಏನೆಂದರೆ, ಈ ಮನೆಯಲ್ಲಿ ಓದಲು ಬರುವವಳು ನಾನೊಬ್ಬಳೇ ಎಂಬ ನನ್ನ ದೊಡ್ಡಸ್ತಿಕೆ ಹೋಗುತ್ತದೆಂದು ಹೆದರಿದೆ. ದಿನಾ ಆಯಿಯ ಎದುರಿಗೆ ಕೂತು ಅವಳ ಖಾಲಿ ಕುಣಿ ನೋಡುತ್ತಿದ್ದೆ. ಎಂಥ ಕೆಟ್ಟ ಹುಡುಗಿ ನಾನು ಎಂದು ನನಗೇ ಅನಿಸುತ್ತಿತ್ತು.

ಪಂಚಮಿಗೆ ಎರಡು ದಿನ ಇರುವಾಗ ಸಂಗಪ್ಪ ಮುತ್ಯಾ ಬಂದ. ಬಸ್ಸಿಳಿದು ನಡೆದು ಬಂದವನು, ಹೆಗಲ ಮೇಲೆ ಪಂಚಮಿಯ ಉಂಡಿಯ ಗಂಟು. ಅವ್ವ ಕಾಲಿಗೆ ನೀರು ಕೊಟ್ಟಳು, 'ಬರ್ರಿ' ಎಂದಳು. ಅವನು ಒಳಗೆ ಬರಲಿಲ್ಲ. ಹೊರಗಿನ ಕಟ್ಟೆಯ ಮೇಲೇ ಕೂತ. ಅಪ್ಪ ಹಗ್ಗ ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೊರಟೇಬಿಟ್ಟಿದ್ದ. ಆಯಿ ಹೊಸ್ತಿಲ ಒಳಗೆ ನಿಂತಿದ್ದಳು, ಅವಳ ತಮ್ಮ ಹೊಸ್ತಿಲ ಹೊರಗೆ. ಮೊದಲು ಮಾತಾಡಿದವನು ಮುತ್ಯಾನೇ.

"ಯಾಕ ಅಕ್ಕಾ, ಈ ವರ್ಸ ನಿಮ್ಮ ಚಕ್ಕಡಿ ಬರಲಿಲ್ಲ? ದಿನಾ ದಾರಿ ನೋಡೀನಿ. ನೀವೂ ಹಡಗದ ಎಣ್ಣಿ ತಿನ್ನಾಕ ಹತ್ತೀರೇನ?"

"ಹಡಗದ ಎಣ್ಣಿ ಯಾವುದೋ? ನಿನ್ನ ಮಿಲ್ಲಿನ ಎಣ್ಣಿ ಊರಿಗೆಲ್ಲಾ ಹಂಚಿ ನನ್ನ ಮಗನ ಹೊಟ್ಟಿ ಮ್ಯಾಲ ಹೊಡದಿ. ಮ್ಯಾಲ ನನ್ನ ಕೇಳ್ತಿ?"

ಅಪ್ಪ ಬೀದಿಯ ತಿರುವಿನಲ್ಲಿ ನಿಂತಿದ್ದು ನನಗೆ ಕಂಡಿತು. ಹೋಗುವವನು ಹೋಗಿರಲಿಲ್ಲ, ಏನು ಮಾತಾಗುತ್ತದೆಂದು ಕಿವಿಗೊಟ್ಟಿದ್ದ. ಇನ್ನು ತಡೆಯಲಾಗಲಿಲ್ಲ. ನಾನು ಆಯಿಯ ಸೀರೆಯ ಹಿಂದಿನಿಂದ ಹೊರಗೆ ಬಂದು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ.

"ತಾಳಿಕೋಟಿದ ಅಲ್ಲ ಆಯಿ. ನಾ ತಪ್ಪ ಓದಿದೆ. ಅದು ತಾಳಿ ಅಲ್ಲ, ತಾಳೆ. ಅದೊಂದು ಗಿಡ. ಎಣ್ಣಿ ಪರದೇಶದಿಂದ ಹಡಗದಾಗ ಬರ್ತೈತಿ. ಹೂಂ ಅಂದಾಕಿ ನಾನ."

ಎಮ್ಮೆ ಸರಪಳಿ ಎಳೆದ ಸಪ್ಪಳ ಕೇಳಿತು. ಆಮೇಲೆ ಸಂಗಪ್ಪ ಮುತ್ಯಾ ನಗತೊಡಗಿದ. ಮೊದಲು ನಕ್ಕ, ನಕ್ಕು ನಕ್ಕು ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡ, ಆ ನೀರು ನಗುವಿನದಷ್ಟೇ ಆಗಿರಲಿಲ್ಲ.

"ಮಿಲ್ಲಿನ ಮಾತು ಬರೇ ಮಾತ ಆತಬೇ ಅಕ್ಕಾ. ಹಡಗದ ಎಣ್ಣಿ ಬಂದ ಮ್ಯಾಲ ಯಾರ ಹಾಕ್ತಾರ ಮಿಲ್ಲು? ನಂದಿರೂದು ಒಂದ ಗಾಣ, ಒಂದ ಎತ್ತು. ಅದೊಂದ ಎತ್ತಿನ ಮ್ಯಾಲ ನಾಡಿಗೆಲ್ಲಾ ಎಣ್ಣಿ ತಗದಿದ್ರ ಅದು ಯಾವಾಗೋ ಸಾಯ್ತಿತ್ತು. ಈಗ ನುರಸಾಕ ಕಾಳ ಬರವಲ್ವು. ಎತ್ತು ಬೆಳಿಗ್ಗೆ ಎದ್ದು ತಾನ ಹೋಗಿ ಗಾಣದ ಹತ್ರ ನಿಲ್ತೈತಿ. ಅದಕ್ಕ ಏನಂತ ಹೇಳಲಿ?"

ಅಪ್ಪ ತಿರುವಿನಿಂದ ಮರಳಿ ಬಂದ. ಹಗ್ಗ ಕೆಳಗಿಟ್ಟ. ನನಗೆ ಎರಡು ಬಾರಿಸುತ್ತಾನೆಂದು ನಾನು ಕಣ್ಣು ಮುಚ್ಚಿಕೊಂಡಿದ್ದೆ. ಅವನು ನನ್ನನ್ನು ದಾಟಿ ಹೋಗಿ ಮುತ್ಯಾನ ಕಾಲು ಮುಟ್ಟಿದ.

"ಒಳಗ ಬಾ ಮಾವಾ. ನಂದೂ ತಪ್ಪೈತಿ. ಹುಡುಗಿ ಹೂಂ ಅಂದ್ಲು ಖರೆ, ಒಂದ ದಿನಾ ಬಂದು ನಿನ್ನ ಕೇಳಬೇಕಿತ್ತು ನಾನು."

ಮುತ್ಯಾ ಒಳಗೆ ಬಂದು ಪಡಸಾಲೆಯ ಚೀಲಗಳನ್ನು ಕಂಡ. ಒಂದರ ಬಾಯಿ ಬಿಚ್ಚಿ ಒಂದು ಹಿಡಿ ಕುಸುಬಿ ತೆಗೆದು ಅಂಗೈ ಮೇಲೆ ಹರಡಿ ನೋಡಿದ. ಆಮೇಲೆ ಅಡುಗೆಮನೆಯ ಕಡೆ ನೋಡಿ, ಒಲೆಯ ಪಕ್ಕದ ಗಿಂಡಿಯಲ್ಲಿ ಯಾವ ಎಣ್ಣೆ ಇದೆ ಎಂದು ಕೇಳಿದ. ಅವ್ವ ತಲೆ ತಗ್ಗಿಸಿದಳು. ಅವನು ಬೈಯಲಿಲ್ಲ.

"ಪರದೇಶದವರು ಕಳಿಸಿದ್ರು, ಸರಕಾರದವರು ಕೊಟ್ರು, ಹೊಲಾ ಇಲ್ದವರು ಉಂಡ್ರು. ಅವರಿಗೇನ ಅನ್ನೂನು? ನಾವು ಕಾಳ ಇಟಗೊಂಡು, ಗಾಣಾ ಇಟಗೊಂಡು ಒಬ್ಬರಿಗೊಬ್ಬರು ಮುಖಾ ತಿರುವಿ ಕುಂತ್ವಲ್ಲ, ಅದಕ್ಕ ನಗಬೇಕೋ ಅಳಬೇಕೋ."

ಮರುದಿನ ಬೆಳಿಗ್ಗೆ ಚಕ್ಕಡಿ ತುಂಬಿತು. ಚೀಲಗಳ ಮೇಲೆ ಆಯಿ, ಅವಳ ತೊಡೆಯ ಮೇಲೆ ಅವ್ವ ಕಟ್ಟಿಕೊಟ್ಟ ಉಂಡಿಯ ಗಂಟು, ಪಕ್ಕದಲ್ಲಿ ನಾನು. ತಾಳಿಕೋಟೆಯಲ್ಲಿ ಮುತ್ಯಾನ ಎತ್ತು ಅವನು ಹೇಳಿದಂತೆಯೇ ಗಾಣದ ಹತ್ತಿರ ನಿಂತಿತ್ತು. ಕಣ್ಣಿಗೆ ಪಟ್ಟಿ ಕಟ್ಟಿ ನೊಗ ಹೂಡಿದ ಕೂಡಲೇ, ಯಾರೂ ಹೊಡೆಯದೆ, ನಡೆಯಲು ಹತ್ತಿತು. ಗಾಣ ಕಿರುಗುಟ್ಟಿತು. ಬಹಳ ಹೊತ್ತಿನ ಮೇಲೆ ಕೆಳಗಿನ ತೂತಿನಿಂದ ಮೊದಲ ಎಣ್ಣೆ ಇಳಿಯಿತು. ನಾನು ಮುಂದೆ ಬಾಗಿ ಅದನ್ನೇ ನೋಡುತ್ತ ಕೂತೆ. ಎಣ್ಣೆ ಎಲ್ಲಿಂದ ಬರುತ್ತದೆಂದು ಈ ಸಲ ಕಣ್ಣಾರೆ ನೋಡಿಯೇ ಏಳಬೇಕೆಂದು ಹಟ ಹಿಡಿದಿದ್ದೆ. ಮುತ್ಯಾನ ಮನೆಯಲ್ಲಿ ಎಲ್ಲರೂ ಹೇಳಿದರೂ ಆಯಿ ಆ ಎಣ್ಣೆ ಮುಟ್ಟಲಿಲ್ಲ. ಮಗನ ಮನೆಯಲ್ಲಿ ಬಿಟ್ಟದ್ದು, ಮಗನ ಮನೆಯಲ್ಲೇ ತಿನ್ನುತ್ತೇನೆ ಎಂದಳು.

ಕಾಳು ಕೊಳ್ಳುವವರಿಲ್ಲದಿದ್ದರೆ ಎಣ್ಣೆಯನ್ನೇ ಮಾರೋಣ ಎಂದು ಅಪ್ಪ, ಮುತ್ಯಾ ಮಾತಾಡಿಕೊಂಡಿದ್ದರು. ಸಂತೆಯಲ್ಲಿ ಎಣ್ಣೆಯ ಡಬ್ಬಿ ಇಟ್ಟುಕೊಂಡು ಕೂತವಳು ಆಯಿ. ತಾಳಿಕೋಟೆಯ ಸಂತೆ, ಮುದ್ದೇಬಿಹಾಳದ ಸಂತೆ, ಒಮ್ಮೊಮ್ಮೆ ಬಸವನ ಬಾಗೇವಾಡಿಯವರೆಗೂ ಹೋದರು. ಚಳಿಗಾಲ ಬಂದಾಗ ಅವಳು ಎರಡು ಶೀಶೆ ಅಕ್ಕಪಕ್ಕ ಇಡುತ್ತಿದ್ದಳು. ಒಂದರಲ್ಲಿ ರೇಶನ್ ಎಣ್ಣೆ ಗಟ್ಟಿಯಾಗಿ ಕೂತಿರುತ್ತಿತ್ತು, ಇನ್ನೊಂದರಲ್ಲಿ ಕುಸುಬಿ ಎಣ್ಣೆ ಥಂಡಿಯಲ್ಲೂ ತಿಳಿಯಾಗಿ ಆಡುತ್ತಿತ್ತು. ಮೊದಲು ಗಟ್ಟಿಯಾದದ್ದಕ್ಕೇ ಹೆಮ್ಮೆಪಟ್ಟವಳು ಇವಳೇ ಎಂದು ನಾನು ನೆನಪು ಮಾಡಿಕೊಟ್ಟರೆ, ಸುಮ್ಮನೆ ಕೂಡು ಎನ್ನುತ್ತಿದ್ದಳು. ಎಲ್ಲರೂ ಕೊಂಡರು ಎಂದು ಹೇಳಿದರೆ ಸುಳ್ಳಾಗುತ್ತದೆ. ಅಗ್ಗದ ಎಣ್ಣೆ ಬೇಕಾದವರು ಅಗ್ಗದ್ದನ್ನೇ ಕೊಂಡರು, ಶಾಂತವ್ವನೂ ಕೊಂಡಳು, ಅವಳನ್ನು ನಮ್ಮ ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಹಸಿ ಎಣ್ಣೆಯ ರುಚಿ ಗೊತ್ತಿದ್ದವರು ಮಾತ್ರ ತಿರುಗಿ ತಿರುಗಿ ಬಂದರು. ಮುತ್ಯಾನ ಎತ್ತಿಗೆ ದಿನಾ ಅಲ್ಲದಿದ್ದರೂ ವಾರಕ್ಕೆ ನಾಲ್ಕು ದಿನ ಕೆಲಸ ಸಿಕ್ಕಿತು. ಹಸ್ತ ಮಳೆ ಮುಗಿದು ಹೊಲ ಹದಕ್ಕೆ ಬಂದಾಗ ಅಪ್ಪ ಏನೂ ಹೇಳದೆ ಜೋಳದ ಜೊತೆ ಕುಸುಬಿಯ ಅಕ್ಕಡಿ ಸಾಲು ಹಾಕಿದ. ನಾನು ಮುಂದೆ ಕನ್ನಡ ಕಲಿಸುವ ಅಕ್ಕೋರೇ ಆದೆ, ಇಂಡಿಯಲ್ಲಿ, ಸಿಂದಗಿಯಲ್ಲಿ. ಮಕ್ಕಳು 'ಸಾಲಿ' ಎಂದಾಗ ಒಮ್ಮೆಯೂ ಬೈಯಲಿಲ್ಲ. ಆದರೆ ಗೊತ್ತಿಲ್ಲದ್ದಕ್ಕೆ 'ಹೂಂ' ಎಂದ ಮಗುವನ್ನು ಮಾತ್ರ ನಾನು ಸುಮ್ಮನೆ ಬಿಟ್ಟವಳಲ್ಲ.

ಇದೆಲ್ಲ ಆಮೇಲಿನ ಮಾತು. ಪಂಚಮಿ ಮುಗಿಸಿ ನಾವು ತಾಳಿಕೋಟೆಯಿಂದ ಮರಳಿದ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತೆವು. ಪಡಸಾಲೆಯಲ್ಲಿ ಚೀಲಗಳಿದ್ದ ಜಾಗ ಖಾಲಿಯಾಗಿ ಅಗಲವಾಗಿ ಕಾಣುತ್ತಿತ್ತು. ಅವ್ವ ರೊಟ್ಟಿ, ಚಟ್ನಿ ಬಡಿಸಿದಳು. ಆಯಿ ಹೆಬ್ಬೆರಳೂರಿ ಕುಣಿ ಮಾಡಿ ಕೈ ತೊಡೆಯ ಮೇಲಿಟ್ಟುಕೊಂಡು ಕೂತಳು. ಅವ್ವ ಗಿಂಡಿಗೆ ಕೈ ಹಾಕುವಷ್ಟರಲ್ಲಿ ಅಪ್ಪ ಎದ್ದು ತಾನೇ ಅದನ್ನು ತಂದ. ಮಂಡಿಯೂರಿ ಕೂತು ತಾಯಿಯ ತಾಟಿನ ಕುಣಿಗೆ ಎಣ್ಣೆ ಸುರಿದ, ಅದು ತುಂಬಿ ರೊಟ್ಟಿಯ ಅಂಚಿಗೆ ಹರಿಯುವವರೆಗೂ ಸುರಿದ. ಐದು ತಿಂಗಳು ಕಾದವಳು ಆಗಲೂ ಅವಸರ ಮಾಡಲಿಲ್ಲ. ಎಣ್ಣೆ ಇಳಿಯುವುದನ್ನು ನೋಡುತ್ತ ನನ್ನ ಕಡೆ ಹೊರಳಿ, ತುಟಿಯ ಅಂಚಿನಲ್ಲಿ ನಗು ಇಟ್ಟುಕೊಂಡು ಕೇಳಿದಳು.

"ಎಲ್ಲಿದ ಐತ ತಂಗಿ ಈ ಎಣ್ಣಿ, ತಾಳಿಕೋಟಿದಾ?"

ಎಲ್ಲರೂ ನನ್ನನ್ನೇ ನೋಡಿದರು. ಗಾಣದ ಬುಡದಲ್ಲಿ ಕೂತು ನೋಡಿದ ಮೊದಲ ಹನಿ ನನ್ನ ಕಣ್ಣ ಮುಂದಿತ್ತು.

"ಹೂಂ," ಎಂದೆ. ಆಯಿ ರೊಟ್ಟಿ ಮುರಿದಳು.